ಊರಿಗೆ ಕಾಲಿಡದ ಬಿ.ಎ.

ಕರ್ನಾಟಕದ ಬಿ.ಎ. ಪದವಿ ಕೆಲವೇ ವರ್ಷಗಳಲ್ಲಿ ಎರಡು ಸಲ ರೂಪ ಬದಲಿಸಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ನಾಲ್ಕು ವರ್ಷದ ಆನರ್ಸ್ ಬಂತು. 2024ರ ಮೇ ತಿಂಗಳಲ್ಲಿ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇರೆಗೆ, ರಾಜ್ಯ ಸರ್ಕಾರ ಮೂರು ವರ್ಷಕ್ಕೇ ಮರಳಿತು. ಎಷ್ಟು ವರ್ಷ, ಎಷ್ಟು ಮೇಜರ್, ಎಷ್ಟು ಕ್ರೆಡಿಟ್ ಎಂಬುದರ ಸುತ್ತಲೇ ಚರ್ಚೆ ಸುತ್ತಿತು. ಸಮಾಜವಿಜ್ಞಾನ ಓದುವ ಹುಡುಗ, ಹುಡುಗಿ ಪದವಿ ಕೈಗೆ ಬರುವ ಮುನ್ನ ಒಮ್ಮೆಯಾದರೂ ನಾಲ್ಕು ಮನೆ ಹೊಕ್ಕು, ಕೇಳಿ, ಬರೆದುಕೊಂಡಿರಬೇಕೇ ಎಂದು ಕೇಳಿದವರು ಕಡಿಮೆ.

ಬರೆದುಕೊಂಡಿರಲೇಬೇಕು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1930ರ ದಶಕದಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್ ಓದಿದರು. ಆ ಓದು ವಿಶಾಲವಾಗಿತ್ತು, ಆದರೆ ಪುಸ್ತಕದ್ದು. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ, ಪಟೇಲರ ಎತ್ತಿನ ಮನೆಯಲ್ಲಿ ಬಿಡಾರ ಹೂಡಿದರು. ತಮ್ಮ ಬರಹದಲ್ಲಿ ಆ ಊರನ್ನು ರಾಮಪುರ ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ವರ್ಷಗಟ್ಟಲೆ ವಿಂಗಡಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಊರಲ್ಲಿ ಇದ್ದು ನೋಡಿದವರಿಗೆ ಮಾತ್ರ ಸಾಧ್ಯವಾಗುವ ಬರವಣಿಗೆ ಅದು.

ಎಲ್ಲರೂ ಶ್ರೀನಿವಾಸ್ ಆಗಬೇಕಿಲ್ಲ. 'ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದೀರಮ್ಮ?' ಎಂದು ಹಟ್ಟಿಯ ಬಾಗಿಲಲ್ಲಿ ನಿಂತು ಕೇಳಿದರೂ ಸಾಕು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಹಬ್ಬಕ್ಕೆ ಮಾತ್ರ ಬರುವ ಮಗನನ್ನು ಲೆಕ್ಕಕ್ಕೆ ಹಿಡಿಯಬೇಕೇ? ಒಂದೇ ಸೂರಿನಡಿ ಬೇರೆ ಒಲೆ ಹೂಡಿದ ಮೈದುನನನ್ನು? ರೇಷನ್ ಕಾರ್ಡ್ ಒಂದು ಹೇಳುತ್ತದೆ, ಅಮ್ಮ ಇನ್ನೊಂದು ಹೇಳುತ್ತಾಳೆ. ಜನಗಣತಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬ ಎಂದು ಎಣಿಸುತ್ತದೆ. ಅದು ಏಕೆ ಹಾಗೆ ಎಂಬುದು ಅಲ್ಲಿ ನಿಂತವರಿಗೆ ಥಟ್ಟನೆ ಹೊಳೆಯುತ್ತದೆ. ನೋಟ್ಸ್‌ನಲ್ಲಿ ಅದೇ ವ್ಯಾಖ್ಯೆ ಎರಡು ಅಂಕದ ಪ್ರಶ್ನೆಯಾಗಿ ಮುಗಿಯುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪದವಿ ಪಠ್ಯಕ್ರಮದ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ನಾಲ್ಕಕ್ಕೆ 160. ಸಂಶೋಧನೆಗೆ 12 ಕ್ರೆಡಿಟ್ ಇದೆ. ಆದರೆ ಅದು ನಾಲ್ಕನೆಯ ವರ್ಷದಲ್ಲಿ, ಅದೂ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಪಡೆದವರಿಗೆ. ಶೇ. 55 ಪಡೆದು, ದಿನವೂ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಗೆ ತನ್ನ ಊರಿನ ನೀರಿನ ಜಗಳ, ಕೂಲಿ ದರ, ಜಾತ್ರೆಯ ಚಂದಾ ಚೆನ್ನಾಗಿ ಗೊತ್ತು. ಗೊತ್ತಿರುವುದನ್ನು ಕ್ರಮವಾಗಿ ಕೇಳಿ, ತಾಳೆ ನೋಡಿ ಬರೆಯುವುದನ್ನು ಅವಳಿಗೆ ಕಲಿಸಬೇಕು. ಅವಳನ್ನೇ ಹೊರಗಿಡುವ ನಿಯಮ ತಪ್ಪು.

ಐದನೆಯ ಸೆಮಿಸ್ಟರ್‌ನಲ್ಲಿ ಹತ್ತು ಮನೆಗಳ ಒಂದು ಸಮೀಕ್ಷೆ, ಕನ್ನಡದಲ್ಲೇ ಇಪ್ಪತ್ತು ಪುಟದ ವರದಿ, ಆಮೇಲೆ ಮೌಖಿಕ ಪರೀಕ್ಷೆ. ಇಷ್ಟನ್ನು ಎಲ್ಲರಿಗೂ ಕಡ್ಡಾಯ ಮಾಡಬಹುದು. ಆದರೆ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ಹೊರೆಯ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲಿದೆ. ವಿದ್ಯಾರ್ಥಿಗಳ ಜೊತೆ ಊರಿಗೆ ಹೋದ ದಿನವನ್ನೂ ಅವರ ಕಾರ್ಯಭಾರಕ್ಕೆ ಸೇರಿಸಿ ಸಂಬಳ ಕೊಡದೆ ಇಂಥ ಆದೇಶ ಹೊರಡಿಸಿದರೆ, ಜೆರಾಕ್ಸ್ ಅಂಗಡಿಯಲ್ಲಿ ರೆಡಿಮೇಡ್ ವರದಿಗಳು ಸಿಗತೊಡಗುತ್ತವೆ. ಹೊಸ ಪಠ್ಯಕ್ರಮ ರೂಪಿಸುವವರು ಮೊದಲು ಈ ಬಾಬ್ತನ್ನು ಇತ್ಯರ್ಥ ಮಾಡಲಿ.