ಗ್ನೋಸಿಸ್ ಎಂಬ ಅರಿವು

ಕಳೆದ ಕಾರ್ತಿಕದಲ್ಲಿ ನಾವು ಪಿರಿಯಾಪಟ್ಟಣ ತಾಲ್ಲೂಕಿನ ಗ್ರಾಮವೊಂದಕ್ಕೆ ಪಾದಪೂಜೆಗೆ ಹೋಗಿದ್ದೆವು. ಮೈಸೂರಿನಲ್ಲಿ ಓದುತ್ತಿರುವ ಆ ಮನೆಯ ಮೊಮ್ಮಗ, "ಬುದ್ಧಿ, ನಾಸ್ಟಿಕರು ಅಂತ ಒಂದು ಪಂಥ ಇತ್ತಂತೆ, ಜ್ಞಾನದಿಂದಲೇ ಮುಕ್ತಿ ಅಂತಿದ್ದರಂತೆ, ನಿಜವೇ?" ಎಂದು ಕೇಳಿದ. "ಪೂಜೆ ಹೊತ್ತಲ್ಲಿ ನಾಸ್ತಿಕರ ಮಾತು ಯಾಕ್ಲಾ" ಎಂದು ಅಜ್ಜನವರು ಗದರಿದರು. ನಮಗೆ ನಗು ಬಂತು. ಹುಡುಗ ಕೇಳಿದ್ದು ನಾಸ್ತಿಕರ ವಿಚಾರವಲ್ಲ, ಅರಿವಿನ ವಿಚಾರ.

ಗ್ರೀಕರ 'ಗ್ನೋಸಿಸ್', ನಮ್ಮ 'ಜ್ಞಾನ' ಎರಡೂ ಒಂದೇ ಬೇರಿನ ಶಬ್ದಗಳು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಈಜಿಪ್ಟ್, ಸಿರಿಯಾ, ರೋಮ್‌ಗಳಲ್ಲಿ ಈ ಪಂಥದವರಿದ್ದರು. ಮೂಲ ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಪ್ಲೇಟೋವಿನ ವಿಚಾರ, ಯಹೂದ್ಯರ ನಂಬಿಕೆ, ಕ್ರೈಸ್ತ ಬೋಧೆ ಎಲ್ಲವೂ ಬೆರೆತಿವೆ. ಪರವಸ್ತು ಮಾತಿಗೆ ನಿಲುಕದು, ಅದರ ಕಿಡಿ ಮನುಷ್ಯನೊಳಗಿದೆ, ಅದನ್ನು ಗುರುತಿಸಿದವನೇ ಮುಕ್ತ ಎಂದರು. ಇಷ್ಟು ಕೇಳಿದರೆ ನಮ್ಮ ಶರಣರ ಮಾತೇ ಅನ್ನಿಸುತ್ತದೆ.

ಆದರೆ ಅವರಲ್ಲಿ ಅನೇಕರು ಈ ಲೋಕವನ್ನು ಅಜ್ಞಾನಿಯಾದ ಕೆಳದೇವನೊಬ್ಬ ಮಾಡಿದನೆಂದೂ ದೇಹವು ಸೆರೆಮನೆಯೆಂದೂ ನಂಬಿದರು. ಇಲ್ಲಿ ನಮ್ಮ ದಾರಿ ಬೇರೆ. ದೇಹವನ್ನೇ ದೇಗುಲವೆಂದು ತಿಳಿದು, ಅಂಗೈಯಲ್ಲಿ ಲಿಂಗ ಹಿಡಿದವರು ನಾವು. ಹುಣಸೂರಿನ ಹೊಗೆಸೊಪ್ಪಿನ ಬ್ಯಾರನ್ ಮುಂದೆ ರಾತ್ರಿಯಿಡೀ ಬೆಂಕಿ ಕಾಯುವ ರೈತನಿಗೆ, ನಿನ್ನ ಮೈ ಸೆರೆಮನೆ, ನಿನ್ನ ಹೊಲ ಸುಳ್ಳು ಎಂದು ಹೇಳಲು ನಮಗೆ ಬಾಯಿ ಬಾರದು. ಅವನದು ಕಾಯಕ. ಅಲ್ಲಮಪ್ರಭುಗಳು ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಕೆಣಕಿದರೆಂದು ಶೂನ್ಯಸಂಪಾದನೆ ಹೇಳುತ್ತದೆ ನಿಜ. ಕೆಣಕಿದ್ದು ಅರಿವಿಲ್ಲದ ಮಾಟವನ್ನು, ಕೆರೆಯನ್ನಲ್ಲ ಎಂಬುದು ನಮ್ಮ ತಿಳಿವು.

ಸುಮಾರು 180ರಲ್ಲಿ ಲಿಯಾನ್ ಪಟ್ಟಣದ ಬಿಷಪ್ ಐರೇನಿಯಸ್ ಇವರನ್ನು ಖಂಡಿಸಿ ಐದು ಪುಸ್ತಕ ಬರೆದ. ಮುಂದೆ ಬಹುಕಾಲ ಲೋಕಕ್ಕೆ ಇವರ ವಿಷಯ ತಿಳಿದದ್ದು ಹೆಚ್ಚಾಗಿ ಎದುರಾಳಿಗಳ ಬಾಯಿಂದಲೇ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ, ಗೊಬ್ಬರದ ಮಣ್ಣು ಅಗೆಯಲು ಹೋದ ರೈತರಿಗೆ ಒಂದು ಮಡಕೆ ಸಿಕ್ಕಿತೆನ್ನುತ್ತಾರೆ. ಒಳಗೆ ನಾಲ್ಕನೆಯ ಶತಮಾನದ 13 ಹೊತ್ತಿಗೆಗಳು! ಕೆಲವು ಹಾಳೆಗಳನ್ನು ಆ ಮನೆಯ ತಾಯಿ ಒಲೆಗೆ ಹಾಕಿದಳಂತೆ.

ಇದನ್ನು ಹೇಳುತ್ತಿದ್ದಂತೆ ಅಜ್ಜನವರು ಎದ್ದು ಹೋಗಿ ದೇವರ ಗೂಡಿನಿಂದ ವಸ್ತ್ರ ಸುತ್ತಿದ ಓಲೆಗರಿಯ ಕಟ್ಟೊಂದನ್ನು ತಂದರು. ಪ್ರತಿ ಶಿವರಾತ್ರಿ ವಿಭೂತಿ ಹಚ್ಚುತ್ತಾರೆ, ಓದಬಲ್ಲವರಿಲ್ಲ. ಇನ್ನೊಂದು ಕಟ್ಟನ್ನು ಹುಳ ಹಿಡಿಯಿತೆಂದು ಅವರ ತಂದೆಯವರೇ ಲಕ್ಷ್ಮಣತೀರ್ಥಕ್ಕೆ ಬಿಟ್ಟಿದ್ದರಂತೆ.

ಹುಣಸೂರು, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ಸದ್ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ. ಅಟ್ಟದ ಮೇಲಿನ ಗರಿಗಳನ್ನು ಹೊಳೆಗೆ ಬಿಡಬೇಡಿ, ಹಂಡೆಯೊಲೆಗೆ ಹಾಕಬೇಡಿ. 1905ರಲ್ಲಿ ಶಾಮಶಾಸ್ತ್ರಿಗಳ ಕಣ್ಣಿಗೆ ಕೌಟಿಲ್ಯನ ಅರ್ಥಶಾಸ್ತ್ರ ಬಿದ್ದದ್ದು ಮೈಸೂರಿನ ಇಂಥದೇ ಗರಿಗಳ ನಡುವೆ. ಶ್ರೀಮಠಕ್ಕೆ ಹೇಳಿ ಕಳುಹಿಸಿದರೆ ಓದಬಲ್ಲವರನ್ನು ಕಳುಹಿಸುತ್ತೇವೆ. ಗರಿ ನಿಮ್ಮ ಮನೆಯಲ್ಲೇ ಇರಲಿ.

ಅಂದು ಮೊದಲ ಗರಿಯನ್ನು ನಾವೇ ಓದಿದೆವು, ಷಟ್‌ಸ್ಥಲದ ವಿಚಾರ. ಮೊಮ್ಮಗ ಬರೆದುಕೊಂಡ.