ಎದಿ ಉರಿತೈತಿ, ಒಂದು ಗುಳಿಗಿ ಕೊಡ್ರಿ

ಅಮೀನಗಡದಿಂದ ಐಹೊಳೆಗೆ ಹೋಗುವ ದಾರಿಯಲ್ಲಿ ಯಾವ ಊರಿನ ಕಿರಾಣಿ ಅಂಗಡಿಯ ಮುಂದೆ ಬೇಕಾದರೂ ನಿಂತು ನೋಡಿ. ಶಾಂಪೂ ಚೀಟಿಗಳ ಸರ, ಪಾನ್ ಮಸಾಲೆಯ ಸರ, ಅವುಗಳ ನಡುವೆ ಈನೋ ಚೀಟಿಗಳ ಸರ. ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯಲ್ಲಿ ಕತ್ತರಿಯಿಂದ ತುಂಡು ಮಾಡಿಟ್ಟ ಗುಳಿಗೆಗಳು. ಹೆಸರು ಹೇಳಬೇಕಿಲ್ಲ, ವೈದ್ಯರ ಚೀಟಿ ತೋರಿಸಬೇಕಿಲ್ಲ. ‘ಎದಿ ಉರಿತೈತಿ, ಒಂದು ಗುಳಿಗಿ ಕೊಡ್ರಿ’ ಅಂದರೆ ಮುಗಿಯಿತು. ಎಷ್ಟು ದಿನದಿಂದ ಉರಿಯುತ್ತಿದೆ ಎಂದು ಅಂಗಡಿಯವ ಕೇಳುವುದಿಲ್ಲ. ಕೇಳುವುದು ಅವನ ಕೆಲಸವೂ ಅಲ್ಲ.

ಅತ್ತ ದೆಹಲಿಯಲ್ಲಿ ಕೆಲವು ವರ್ಷಗಳಿಂದ ಗಂಭೀರವಾದ ಚರ್ಚೆಯೊಂದು ನಡೆದಿದೆ. ವೈದ್ಯರ ಚೀಟಿಯಿಲ್ಲದೆ ಮಾರಬಹುದಾದ ಔಷಧಗಳ ಪಟ್ಟಿ ಮಾಡಬೇಕೇ, ಅವನ್ನು ಕಿರಾಣಿ ಅಂಗಡಿಯಲ್ಲೂ ಇಡಲು ಬಿಡಬೇಕೇ ಎಂಬುದು ಪ್ರಶ್ನೆ. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 16 ಔಷಧಗಳ ಕರಡು ಹೊರಡಿಸಿ, ಐದು ದಿನಕ್ಕಿಂತ ಹೆಚ್ಚು ಕೊಡಬಾರದು, ಗುಣವಾಗದಿದ್ದರೆ ವೈದ್ಯರನ್ನು ಕಾಣಬೇಕು ಎಂಬ ಷರತ್ತು ಹಾಕಿತ್ತು. 2024ರಲ್ಲಿ ಕಿರಾಣಿ ಅಂಗಡಿಯ ಮಾತು ಮತ್ತೆ ಎದ್ದಿತು. ಔಷಧ ವ್ಯಾಪಾರಿಗಳ ಅಖಿಲ ಭಾರತ ಸಂಘಟನೆ ಇದನ್ನು ವಿರೋಧಿಸಿತು. ಫಾರ್ಮಸಿಸ್ಟ್ ಇಲ್ಲದ ಕಡೆ ಔಷಧ ಮಾರಿದರೆ ಜನರ ಜೀವಕ್ಕೆ ಅಪಾಯ ಎಂದಿತು. ಹುನಗುಂದ ತಾಲ್ಲೂಕಿನಲ್ಲಿ ಕೂತು ಓದುವವರಿಗೆ ಈ ಎರಡೂ ಮಾತು ನಗು ತರಿಸುತ್ತವೆ. ಸರ್ಕಾರ ಇನ್ನೂ ಕೊಡಬೇಕೇ ಬೇಡವೇ ಎಂದು ಯೋಚಿಸುತ್ತಿರುವ ಪರವಾನಗಿಯನ್ನು ನಮ್ಮ ಅಂಗಡಿಗಳು ಎಂದೋ ತಾವೇ ತೆಗೆದುಕೊಂಡಿವೆ. ಇನ್ನು ಫಾರ್ಮಸಿಸ್ಟ್? ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಪ್ರಮಾಣಪತ್ರವಾಗಿ ತೂಗುವ ಫಾರ್ಮಸಿಸ್ಟರನ್ನು ಎಷ್ಟೋ ಮೆಡಿಕಲ್ ಶಾಪ್‌ಗಳಲ್ಲಿ ಕಾಣಬಹುದು.

ಕಾನೂನೇ ಇಲ್ಲವೆಂದಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ ‘ಕೆ’ ಅನುಸೂಚಿ ಎಂಬುದೊಂದಿದೆ. ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಹಳ್ಳಿಗಳಲ್ಲಿ ಕೆಲವು ಮನೆಮದ್ದುಗಳನ್ನು ಪರವಾನಗಿ ಇಲ್ಲದೆ ಮಾರಬಹುದು ಎನ್ನುತ್ತದೆ ಅದು. ಹೊಟ್ಟೆಯ ಆಮ್ಲ ತಣಿಸುವ ಸಾದಾ ಔಷಧಗಳೂ ಆ ಪಟ್ಟಿಯಲ್ಲಿವೆ. ಐಹೊಳೆ ಅಷ್ಟು ಸಣ್ಣ ಊರಲ್ಲ. ಇಳಕಲ್, ಬಾದಾಮಿಗಳ ಮಾತಂತೂ ಬೇಡ. ಅದಕ್ಕಿಂತ ಮುಖ್ಯವಾದದ್ದು ಇದು: ಡಬ್ಬಿಯಲ್ಲಿರುವ ಗುಳಿಗೆ ಸಾದಾ ಆಮ್ಲಹಾರಿಯೇ ಅಲ್ಲ. ಅದು ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್. ಎರಡೂ ‘ಎಚ್’ ಅನುಸೂಚಿಯ ಔಷಧಗಳು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಹಾಗೆಂದು ಎಚ್ಚರಿಕೆ ಬರೆದೇ ಇರುತ್ತದೆ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಅದೂ ಗುಳಿಗೆಯ ಪಟ್ಟಿಯನ್ನು ತುಂಡು ಮಾಡಿದಾಗ ಯಾವ ತುಂಡಿಗೆ ಹೋಯಿತೋ!

ಈನೋದ ಕಥೆ ಇನ್ನೂ ಸ್ವಾರಸ್ಯದ್ದು. ಭಾರತದಲ್ಲಿ ಅದು ಮಾರಾಟವಾಗುವುದು ಆಯುರ್ವೇದ ಔಷಧವಾಗಿ. ಸ್ವರ್ಜಿಕಾಕ್ಷಾರ, ನಿಂಬುಕಾಮ್ಲ ಎಂದು ಚೀಟಿಯ ಹಿಂದೆ ಸಂಸ್ಕೃತದ ಹೆಸರು. ಬಿಚ್ಚಿ ನೋಡಿದರೆ ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. ಆಯುರ್ವೇದ ಎಂದ ಮೇಲೆ ಅಡ್ಡ ಪರಿಣಾಮವಿಲ್ಲ ಎಂಬ ನಂಬಿಕೆ ತಾನಾಗಿ ಅಂಟಿಕೊಳ್ಳುತ್ತದೆ. ಸೋಡಾದ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೋಡಿಯಂ. ಐದು ಗ್ರಾಂ ಚೀಟಿಯಲ್ಲಿ ಅರ್ಧ ಗ್ರಾಂ ಮೀರಿದ ಸೋಡಿಯಂ ಹೊಟ್ಟೆಗಿಳಿಯುತ್ತದೆ. ದಿನಕ್ಕೆ ಎರಡು ಗ್ರಾಂ ಸೋಡಿಯಂ ದಾಟಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿ.ಪಿ. ಇರುವ ಮನುಷ್ಯ ಸಾರಿಗೆ ಉಪ್ಪು ಕಡಿಮೆ ಹಾಕಿಸಿ, ಊಟವಾದ ಮೇಲೆ ಈನೋ ಕುಡಿದು ತೇಗುತ್ತಾನೆ. ಅಪರೂಪಕ್ಕೊಮ್ಮೆ ಕುಡಿದರೆ ಏನೂ ಆಗದು. ದಿನಾ ಎರಡು ಚೀಟಿ ಕುಡಿಯುವವರಿಗೆ ಈ ಲೆಕ್ಕ ಹೇಳುವವರು ಯಾರು?

ನಮ್ಮ ಕಡೆ ಎಲ್ಲ ಹೊಟ್ಟೆಯುರಿಗೂ ಒಂದೇ ಆರೋಪಿ: ಖಾರ. ‘ಕೆಂಪು ಚಟ್ನಿ, ಮಿರ್ಚಿ ಭಜಿ ತಿನ್ನೋರು, ಗ್ಯಾಸ್ ಆಗದ ಇರತದ ಏನು?’ ಎಂದು ನಾವೇ ತೀರ್ಪು ಕೊಟ್ಟುಕೊಳ್ಳುತ್ತೇವೆ. ರಾತ್ರಿ ಹೊತ್ತು ಮೀರಿ ಭಜಿ ತಿಂದು, ತಂಬಾಕು ಹಾಕಿಕೊಂಡು ಮಲಗಿದರೆ ಎದೆ ಉರಿಯುವುದು ನಿಜ. ಆದರೆ ಹೊಟ್ಟೆಯಲ್ಲಿ ಹುಣ್ಣು ಮಾಡುವುದು ಮೆಣಸಿನಕಾಯಿಯಲ್ಲ. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಗುಳಿಗೆಗಳು ಇದರ ಎರಡು ದೊಡ್ಡ ಕಾರಣಗಳು. ಯಾರೂ ನಂಬದಿದ್ದಾಗ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದ. 2005ರಲ್ಲಿ ರಾಬಿನ್ ವಾರನ್ ಜೊತೆ ನೊಬೆಲ್ ಪಡೆದ. ಈ ಸೋಂಕು ಸರಿಯಾದ ಆ್ಯಂಟಿಬಯಾಟಿಕ್ ಕೂಡಿಸಿ ಎರಡು ವಾರ ಚಿಕಿತ್ಸೆ ಕೊಟ್ಟರೆ ಬಹುಮಟ್ಟಿಗೆ ವಾಸಿಯಾಗುತ್ತದೆ. ಬರೀ ಗ್ಯಾಸಿನ ಗುಳಿಗೆ ನುಂಗುತ್ತ ಹೋದರೆ ಉರಿ ಅಡಗುತ್ತದೆ, ಸೋಂಕು ಉಳಿಯುತ್ತದೆ. ಜೋಳದ ರೊಟ್ಟಿ, ಚಟ್ನಿಯ ಮೇಲಿನ ಮೊಕದ್ದಮೆ ಮಾತ್ರ ಮುಂದುವರಿಯುತ್ತದೆ.

ನೋವಿನ ಗುಳಿಗೆಯ ಮಾತು ಬಂದಿತಲ್ಲ, ಈ ಭಾಗದ ಅಸಲಿ ಕಥೆ ಅಲ್ಲಿದೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಕೂತು ಬೆಳಗಿನಿಂದ ಸಂಜೆವರೆಗೆ ಸೀರೆ ನೇಯುವವರ ಸೊಂಟ, ಮೊಣಕಾಲು ಏನಾಗಬೇಡ? ಕೆಂಪು ಗ್ರಾನೈಟ್ ಕಣಿಗಳಲ್ಲಿ ಕಲ್ಲು ಒಡೆಯುವವರ ಭುಜ, ಮಲಪ್ರಭೆ ದಂಡೆಯ ಹೊಲಗಳಲ್ಲಿ ಬಾಗಿ ಉಳ್ಳಾಗಡ್ಡಿ ಕೀಳುವ ಹೆಣ್ಣುಮಕ್ಕಳ ಬೆನ್ನು? ನೋವು ಸುಳ್ಳಲ್ಲ. ಅದಕ್ಕೊಂದು ಡೈಕ್ಲೊಫೆನಾಕ್, ಆ ಗುಳಿಗೆ ಹೊಟ್ಟೆ ಸುಡುತ್ತದೆಂದು ಜೊತೆಗೊಂದು ಗ್ಯಾಸಿನ ಗುಳಿಗೆ. ಈ ಜೋಡಿಯನ್ನು ವೈದ್ಯರೂ ಬರೆಯುತ್ತಾರೆ. ಹುಣ್ಣಿನ ಅಪಾಯ ಇರುವವರಿಗೆ ಕೆಲವು ದಿನ ಹಾಗೆ ಕೊಡುವುದು ಸರಿಯಾದ ಕ್ರಮವೇ. ಆದರೆ ಅಂಗಡಿಯಿಂದ ಅಂಗಡಿಗೆ ಅದು ವರ್ಷಗಟ್ಟಲೆ ನಡೆಯುತ್ತದೆ. ಜಠರಕ್ಕೆ ಕಾವಲು ಇದೆಯೆಂಬ ಧೈರ್ಯದಲ್ಲಿ ನೋವಿನ ಗುಳಿಗೆ ಒಂದು ಇದ್ದದ್ದು ಎರಡಾಗುತ್ತದೆ. ಕಾವಲು ಇರುವುದು ಜಠರಕ್ಕೆ ಮಾತ್ರ, ಕಿಡ್ನಿಗಲ್ಲ. ನೋವಿನ ಗುಳಿಗೆ ಕಿಡ್ನಿಗೆ ಮಾಡುವ ಹಾನಿ ಹಳೆಯ ಸುದ್ದಿ. ಗ್ಯಾಸಿನ ಗುಳಿಗೆಯೂ ಕೆಲವರಲ್ಲಿ ಕಿಡ್ನಿಯ ಉರಿಯೂತ ತರಬಲ್ಲದು. ಪ್ಯಾಂಟೊಪ್ರಜೋಲ್ ವರ್ಗದ ಔಷಧಗಳ ಮಾಹಿತಿ ಪತ್ರದಲ್ಲಿ ಕಿಡ್ನಿಗಾಗುವ ಹಠಾತ್ ಹಾನಿಯನ್ನೂ ನಮೂದಿಸಬೇಕೆಂದು ನಮ್ಮ ದೇಶದ ಔಷಧ ನಿಯಂತ್ರಕರೇ ತಯಾರಕರಿಗೆ ತಾಕೀತು ಮಾಡಿದ್ದಾರೆ. ಆ ಪತ್ರ ಬರುವುದು ಪೆಟ್ಟಿಗೆಯ ಜೊತೆ. ಬಿಡಿ ಗುಳಿಗೆ ಕೊಂಡವನ ಕೈಗೆ ಅದು ಬಂದೀತು ಹೇಗೆ?

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ‘ಗ್ಯಾಸಿನ ಗುಳಿಗೆ ತಿಂದರೆ ಕ್ಯಾನ್ಸರ್, ಮರೆವಿನ ರೋಗ, ಸಾವು’ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಸಂದೇಶಗಳ ಪರ ನಾನಿಲ್ಲ. 17 ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಪ್ಯಾಂಟೊಪ್ರಜೋಲ್, ಉಳಿದವರಿಗೆ ಹುಸಿ ಗುಳಿಗೆ ಕೊಟ್ಟು ಸುಮಾರು ಮೂರು ವರ್ಷ ನೋಡಿದ ಪ್ರಯೋಗವೊಂದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕರುಳಿನ ಸೋಂಕು ಸ್ವಲ್ಪ ಹೆಚ್ಚಾದದ್ದು ಬಿಟ್ಟರೆ ಎರಡು ಗುಂಪುಗಳ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಒಮೆಪ್ರಜೋಲ್ ಬಂದ ಮೇಲೆ ಹೊಟ್ಟೆ ಕೊಯ್ಯಿಸಿಕೊಳ್ಳುವುದು ತಪ್ಪಿದ ಹುಣ್ಣಿನ ರೋಗಿಗಳಿಗೆ ಲೆಕ್ಕವಿಲ್ಲ. ಔಷಧ ಒಳ್ಳೆಯದೇ. ಆದರೆ ಆ ಪ್ರಯೋಗದಲ್ಲಿದ್ದವರನ್ನು ವೈದ್ಯರು ನೋಡಿಕೊಳ್ಳುತ್ತಿದ್ದರು. ಡಬ್ಬಿಯ ಗುಳಿಗೆ ನುಂಗುವವರನ್ನು ನೋಡಿಕೊಳ್ಳುವವರು ಯಾರೂ ಇಲ್ಲ.

ಬಿಡಲು ಹೋದರೆ ಬಿಡದ ಗುಣವೂ ಇದಕ್ಕಿದೆ. ಡೆನ್ಮಾರ್ಕಿನಲ್ಲಿ ಎದೆಯುರಿಯೇ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಇದೇ ವರ್ಗದ ಗುಳಿಗೆ ಕೊಟ್ಟು ನಿಲ್ಲಿಸಿದರು. ನಿಲ್ಲಿಸಿದ ಮೇಲೆ ನೂರಕ್ಕೆ 44 ಮಂದಿಗೆ ಆಮ್ಲದ ತೊಂದರೆ ಶುರುವಾಯಿತು. ಹುಸಿ ಗುಳಿಗೆ ತಿಂದವರಲ್ಲಿ ಇದು 15 ಮಾತ್ರ. 2009ರ ಅಧ್ಯಯನ ಇದು. ಅಂದರೆ ಗುಳಿಗೆ ಬಿಟ್ಟ ಕೂಡಲೇ ಏಳುವ ಉರಿ ಹಳೆಯ ರೋಗವೇ ಆಗಿರಬೇಕಿಲ್ಲ, ಗುಳಿಗೆಯೇ ಹುಟ್ಟಿಸಿದ್ದಿರಬಹುದು. ನಮ್ಮವರು ಅದನ್ನು ರೋಗವೆಂದೇ ತಿಳಿದು ಮತ್ತೆ ಅಂಗಡಿಗೆ ಹೋಗುತ್ತಾರೆ. ಹೀಗೆ ವರ್ಷಗಳು ಉರುಳಿದರೆ ಬಿ12 ಕುಸಿಯುವ ಸಂಭವ ಹೆಚ್ಚು. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಅದು ಮೊದಲೇ ಕಡಿಮೆ. ರೊಟ್ಟಿ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ಜಠರದ ಆಮ್ಲ ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಸರ್ಕಾರ ಒಂದು ಕೈಯಲ್ಲಿ ಕಬ್ಬಿಣದ ಗುಳಿಗೆ ಹಂಚುತ್ತದೆ, ಅಂಗಡಿ ಇನ್ನೊಂದು ಕೈಯಲ್ಲಿ ಆಮ್ಲ ಆರಿಸುವ ಗುಳಿಗೆ ಮಾರುತ್ತದೆ.

ಆಮ್ಲ ತಗ್ಗಿಸುವ ಇನ್ನೊಂದು ಗುಳಿಗೆ ರಾನಿಟಿಡಿನ್. ಅದರಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ರಾಸಾಯನಿಕ ಕಂಡುಬಂದು 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದನ್ನು ಮಾರುಕಟ್ಟೆಯಿಂದಲೇ ತೆಗೆಸಿದರು. ಬಿಸಿಯಲ್ಲಿ ಇಟ್ಟಷ್ಟೂ ಆ ರಾಸಾಯನಿಕ ಹೆಚ್ಚುತ್ತದೆ ಎಂಬುದು ಅವರ ಪರೀಕ್ಷೆಯಲ್ಲಿ ಕಂಡ ಮಾತು. ಭಾರತ 2022ರಲ್ಲಿ ಅದನ್ನು ಅಗತ್ಯ ಔಷಧಗಳ ಪಟ್ಟಿಯಿಂದ ಕೈಬಿಟ್ಟಿತು, ಮಾರಾಟ ನಿಲ್ಲಿಸಲಿಲ್ಲ. ಬೇಸಿಗೆಯಲ್ಲಿ ಬಾಗಲಕೋಟೆಯ ಬಿಸಿಲು 40 ಡಿಗ್ರಿ ಮುಟ್ಟುವಾಗ ತಗಡಿನ ಅಂಗಡಿಯೊಳಗಿನ ಡಬ್ಬಿಯ ಗತಿ ಏನೆಂದು ಔಷಧ ನಿಯಂತ್ರಣ ಇಲಾಖೆಯವರು ಬಂದು ನೋಡಲಿ.

ಇಷ್ಟೆಲ್ಲ ಒಂದು ಕಡೆ ಇರಲಿ. ನನ್ನ ಮುಖ್ಯ ತಕರಾರು ಬೇರೆ: ಈ ಗುಳಿಗೆ ಕೊಲ್ಲದಿದ್ದರೂ ಕೊಲ್ಲುವ ರೋಗವನ್ನು ಮುಚ್ಚಿಡುತ್ತದೆ. ಹೃದಯದ ಕೆಳಗೋಡೆಗೆ ರಕ್ತ ಹರಿಯುವುದು ನಿಂತಾಗ ಎಷ್ಟೋ ಜನರಿಗೆ ನೋವು ಕಾಣುವುದು ಎದೆಯಲ್ಲಲ್ಲ, ಎದೆಗುಂಡಿಗೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಲಕ್ಷಣ ಇನ್ನೂ ಮಸುಕು: ಒಂದಿಷ್ಟು ಉರಿ, ಬೆವರು, ಓಕರಿಕೆ. ‘ಗ್ಯಾಸ್ ತುಂಬ್ಯದ’ ಎಂದು ಈನೋ ಕುಡಿಸುತ್ತಾರೆ, ತೇಗು ಬರುತ್ತದೆ, ‘ಹಗುರಾತು’ ಎಂದು ಮಲಗಿಸುತ್ತಾರೆ. ಹಗುರಾಯಿತು ಎಂದರೆ ಹೃದಯ ಚೆನ್ನಾಗಿದೆ ಎಂದು ಅರ್ಥವಲ್ಲ. 2025ರಲ್ಲಿ ಹಾಸನದ ಸಾಲು ಹೃದಯಾಘಾತಗಳ ಸುದ್ದಿ ಬಂದಾಗ ಗಟ್ಟಿಮುಟ್ಟಾದವರೂ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲು ನಿಂತರು. ಆ ಭಯದಲ್ಲಿ ನಾಲ್ಕಾಣೆಯಷ್ಟಾದರೂ ನಮ್ಮೂರಿನ ಎದೆಯುರಿಯ ಬಗ್ಗೆ ಇದ್ದಿದ್ದರೆ! ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಶುರು ಮಾಡಿತು. ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ದೊಡ್ಡಾಸ್ಪತ್ರೆಯ ತಜ್ಞರಿಂದ ಓದಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವುದು ಅದರ ಗುರಿ. ಆ ಇಂಜೆಕ್ಷನ್‌ಗೆ ಮೊದಲ ಕೆಲವು ತಾಸುಗಳೇ ಬಂಡವಾಳ. ಅವನ್ನು ನಾವು ಈನೋ ಬುರುಗಿನಲ್ಲಿ ಕಳೆಯುತ್ತೇವೆ.

‘ಬಡವರು ಏನು ಮಾಡಬೇಕ್ರಿ? ದವಾಖಾನಿಗೆ ಹೋದರ ಒಂದು ದಿನದ ಪಗಾರ ಹೋಗತದ’ ಎಂಬ ಮಾತನ್ನು ತಳ್ಳಿಹಾಕಲಾರೆ. ಜಾತ್ರೆಯಲ್ಲಿ ಉಂಡು ಹೊಟ್ಟೆ ಭಾರವಾದವನು ಒಂದು ಜೆಲುಸಿಲ್ ಚೀಪಲು ಹುನಗುಂದದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೆಂದು ಯಾವ ಬುದ್ಧಿವಂತನೂ ಹೇಳುವುದಿಲ್ಲ. ಸಾದಾ ಆಮ್ಲಹಾರಿ ಅಂಗಡಿಯಲ್ಲಿ ಸಿಗಲಿ, ಒಡೆಯದ ಪಟ್ಟಿಯಲ್ಲಿ ಸಿಗಲಿ, ‘ಐದು ದಿನ ಮೀರಿದರೆ ವೈದ್ಯರನ್ನು ಕಾಣಿ’ ಎಂದು ಅದರ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಇರಲಿ. ಎಚ್ ಅನುಸೂಚಿಯ ಗುಳಿಗೆಗಳು ಮಾತ್ರ ಕಿರಾಣಿ ಡಬ್ಬಿಯಿಂದ ಹೊರಬೀಳಬೇಕು. ಕಿರಾಣಿ ಅಂಗಡಿಯವರ ಮೇಲೆ ಬೀಳುವ ಮೊದಲು ಇಲಾಖೆ ಮೆಡಿಕಲ್ ಶಾಪ್‌ಗಳಿಗೆ ಹೋಗಿ, ಗೋಡೆಯ ಮೇಲಿನ ಪ್ರಮಾಣಪತ್ರದ ಮನುಷ್ಯ ಎಲ್ಲಿದ್ದಾನೆ ಎಂದು ಕೇಳಲಿ. ನೆಗಡಿಗೂ ಜ್ವರಕ್ಕೂ ಕೊನೆಯಲ್ಲಿ ಒಂದು ಗ್ಯಾಸಿನ ಗುಳಿಗೆ ಬರೆಯುವ ವೈದ್ಯರು ಎಷ್ಟು ದಿನ ಎಂಬುದನ್ನೂ ಬರೆದು, ಎಂದು ನಿಲ್ಲಿಸಬೇಕೆಂದು ಬಾಯಿಬಿಟ್ಟು ಹೇಳಲಿ. ಜನ ಆ ಚೀಟಿಯನ್ನೇ ಜೋಪಾನವಾಗಿಟ್ಟು ವರ್ಷಾನುಗಟ್ಟಲೆ ನಡೆಸುತ್ತಾರೆಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಓದುಗರಿಗೂ ಒಂದು ಮಾತು. ತೂಕ ಇಳಿಯುತ್ತಿದ್ದರೆ, ನುಂಗುವಾಗ ಅನ್ನ ಸಿಕ್ಕಿಕೊಂಡಂತಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಗುಳಿಗೆ ಸಾಕು ಮಾಡಿ ಎಂಡೋಸ್ಕೋಪಿ ಮಾಡಿಸಿಕೊಳ್ಳಿ. ವಯಸ್ಸು ನಲವತ್ತು ದಾಟಿದ್ದು, ಐಹೊಳೆಯ ಮೇಗುತಿ ಗುಡ್ಡದ ಮೆಟ್ಟಿಲು ಹತ್ತುವಾಗ ಎದೆ ಉರಿದು, ಕೂತಾಗ ಕಡಿಮೆಯಾಗುತ್ತಿದ್ದರೆ ಅದನ್ನು ಗ್ಯಾಸ್ ಎಂದು ತಿಳಿಯಬೇಡಿ. ಮೊದಲು ಇಸಿಜಿ ತೆಗೆಸಿ. ಕೂತಾಗಲೂ ಉರಿ ನಿಲ್ಲದೆ ಬೆವರು ಬಂದರೆ ಅಂಗಡಿಯತ್ತ ಹೋಗಬೇಡಿ, 108ಕ್ಕೆ ಫೋನ್ ಮಾಡಿ.