ಎರಡು ಇಂಚು ಎತ್ತರ

ನಮ್ಮ ತೋಟದ ಗೇಟಿನ ಮುಂದೆ ಸಣ್ಣದೊಂದು ಹಳ್ಳ. ಹಳ್ಳದ ನಡುವೆ ಒಂದು ಕಲ್ಲು. ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗಿ ಕಲ್ಲು ಮೇಲೆದ್ದಿತೆಂದರೆ ನಮ್ಮ ಹತ್ತು ವರ್ಷದ ಪಿಕಪ್ಪಿನ ಹೊಟ್ಟೆ ಅದಕ್ಕೆ ತಾಗಿ ‘ಕರ್ರ್’ ಎನ್ನುತ್ತದೆ. ಆ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತದೆ.

ಈ ಸಲ ಗಟ್ಟಿ ಮನಸ್ಸು ಮಾಡಿದೆ. ಮುಂದಿನ ಎರಡು ಸ್ಪ್ರಿಂಗ್ ತೆಗೆಸಿ, ಉದ್ದದವನ್ನು ಹಾಕಿಸಿ, ಗಾಡಿಯ ಮೂತಿಯನ್ನು ಎರಡು ಇಂಚು ಎತ್ತುವುದು. ಏಳನೇ ತರಗತಿಯ ಮಗಳಿಗೂ ಖುಷಿ. “ಅಪ್ಪಾ, ಗಾಡಿ ಆನೆ ಥರ ಕಾಣ್ಸುತ್ತೆ!”

ನಮ್ಮ ಮೆಕ್ಯಾನಿಕ್ ಮಾತ್ರ ಬಗ್ಗಿ ನೋಡಿ ಟೇಪ್ ಹಿಡಿದರು. ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿನವರೆಗೆ ಅಳೆದು, ಕಂಪನಿಯ ಪುಸ್ತಕದ ಲೆಕ್ಕಕ್ಕೆ ಹೋಲಿಸಿದರು. “ಸಾರ್, ನಿಮ್ಮ ಗಾಡಿ ಗಿಡ್ಡ ಅಲ್ಲ, ಕುಗ್ಗಿದೆ. ಮುಂದೆ ಒಂದು ಇಂಚು ಕೂತುಬಿಟ್ಟಿದೆ. ಸ್ಪ್ರಿಂಗ್ ಸೋತಿದೆ, ಮೇಲಿಂದ ಈ ಕಬ್ಬಿಣದ ಗಾರ್ಡ್ ಬೇರೆ ಹೊರಿಸಿದ್ದೀರಿ.”

ಆ ಗಾರ್ಡ್ ನನ್ನ ಶೋಕಿ. ಅಂಥದ್ದನ್ನು ಹಾಕಬಾರದೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಹೇಳಿದೆ. ಗಾಡಿಯನ್ನು ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಹೇಳುತ್ತದೆ. ಆದರೂ ಎರಡು ಇಂಚಿನ ಆಸೆ ಬಿಡಲಿಲ್ಲ. “ಯೋಚನೆ ಮಾಡಿ ಬರ್ತೀನಿ” ಎಂದು ಮನೆಗೆ ಬಂದೆ.

ಉಪಾಯ ಹೇಳಿದ್ದು ಮಗಳು. “ಹಲಗೆ ಇಟ್ಟು ನೋಡೋಣ, ಎಷ್ಟು ಎತ್ತರ ಆಗುತ್ತೆ ಅಂತ.” ಒಂದೊಂದು ಇಂಚು ದಪ್ಪದ ಹಲಗೆಗಳನ್ನು ಎರಡೆರಡು ಜೋಡಿಸಿ ಮುಂದಿನ ಚಕ್ರಗಳನ್ನು ಹತ್ತಿಸಿದೆ. ನಿಜಕ್ಕೂ ಆನೆಯೇ! ಮೆಚ್ಚಿಕೊಳ್ಳಲೆಂದು ಅಮ್ಮನನ್ನು ಕರೆದೆ.

ಅಮ್ಮನಿಗೆ ಮಂಡಿನೋವು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವುದು ಇದೇ ಗಾಡಿಯಲ್ಲಿ. ಬಾಗಿಲ ಹಿಡಿ ಹಿಡಿದು ಕಾಲೆತ್ತಿದರು. ಮೆಟ್ಟಿಲು ಸಿಗಲಿಲ್ಲ. ಇನ್ನೊಂದು ಸಲ ಎತ್ತಿದರು, ಆಗಲಿಲ್ಲ. “ಚೆನ್ನಾಗಿದೆ ಕಣೋ. ನಾನು ಇನ್ನು ಬಸ್ಸಲ್ಲೇ ಹೋಗ್ತೀನಿ ಬಿಡು” ಎಂದು ನಕ್ಕು ಒಳಗೆ ಹೋದರು. ಬಸ್ಸಿನ ಮೆಟ್ಟಿಲು ಇದಕ್ಕಿಂತ ಎತ್ತರವೆಂದು ನಮಗಿಬ್ಬರಿಗೂ ಗೊತ್ತಿತ್ತು.

ಮಗಳು ಮಾತಾಡಲಿಲ್ಲ. ಎರಡೂ ಕಡೆ ಒಂದೊಂದು ಹಲಗೆ ತೆಗೆಯೋಣ ಎಂದು ಸನ್ನೆ ಮಾಡಿದಳು. ತೆಗೆದೆವು. ಅಜ್ಜಿಯನ್ನು ಮತ್ತೆ ಕರೆತಂದಳು. ಈ ಸಲ ಕಾಲು ಮುಟ್ಟಿತು. ಕಳೆದುಹೋದ ಒಂದು ಇಂಚು ವಾಪಸು ಬಂದರೆ ಸಾಕು ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಗ್ಯಾರೇಜಿನಲ್ಲಿ ಹಳೆಯ ಸ್ಪ್ರಿಂಗನ್ನೂ ಕಂಪನಿಯದೇ ಹೊಸದನ್ನೂ ಪಕ್ಕಪಕ್ಕ ನಿಲ್ಲಿಸಿದಾಗ ವ್ಯತ್ಯಾಸ ಅರ್ಧ ಇಂಚೂ ಇರಲಿಲ್ಲ. “ಇಷ್ಟಕ್ಕೇನಾ?” ಎಂದಳು ಮಗಳು. ಮೆಕ್ಯಾನಿಕ್ ಬಾಗಿಲು ತೋರಿಸಿದರು. ಬಾಗಿಲನ್ನು ನಡುವೆ ಹಿಡಿದು ಒಂದು ಗೇಣು ತಳ್ಳಿದರೆ ಅದರ ತುದಿ ಎರಡು ಗೇಣು ಸರಿಯುತ್ತದಲ್ಲವೇ? ನಮ್ಮ ಗಾಡಿಯಲ್ಲೂ ಚಕ್ರ ಹಿಡಿದಿರುವ ಕೆಳಗಿನ ತೋಳಿನ ಒಂದು ತುದಿ ಚಾಸಿಗೆ ಕೀಲಿನಂತೆ ಸೇರಿದೆ. ಸ್ಪ್ರಿಂಗ್ ಕೂತಿರುವುದು ಸುಮಾರು ನಡುವೆ. ಅಲ್ಲಿ ಅರ್ಧ ಇಂಚು ಹೆಚ್ಚಾದರೆ ಚಕ್ರದ ಹತ್ತಿರ ಸುಮಾರು ಒಂದು ಇಂಚು.

ಮಕ್ಕಳೇ, ಈ ಕೆಲಸವನ್ನು ದೂರದಿಂದ ನೋಡಿ, ಕೈ ಹಾಕಬೇಡಿ. ಶಾಕ್ ಅಬ್ಸಾರ್ಬರಿನ ಸುತ್ತ ಸ್ಪ್ರಿಂಗ್ ಅದುಮಿಕೊಂಡೇ ಕೂತಿರುತ್ತದೆ. ಎಷ್ಟು ಎಳೆದರೆ, ಎಷ್ಟು ಅದುಮಿದರೆ ಅಷ್ಟೇ ಪ್ರಮಾಣದಲ್ಲಿ ಸ್ಪ್ರಿಂಗ್ ಬಲ ತೋರಿಸುತ್ತದೆ ಎಂದು ಕಂಡುಕೊಂಡವರು ಇಂಗ್ಲೆಂಡಿನ ರಾಬರ್ಟ್ ಹುಕ್. 1676ರಲ್ಲಿ ಅದನ್ನು ಅಕ್ಷರಗಳ ಒಗಟಾಗಿ ಅಚ್ಚು ಹಾಕಿಸಿ, ಉತ್ತರ ಬಿಡಿಸಿದ್ದು 1678ರಲ್ಲಿ! ಒಂದು ಮಿಲಿಮೀಟರ್ ಅದುಮಲು ಹತ್ತು ಕಿಲೋ ಭಾರ ಬೇಕಾಗುವ ಸ್ಪ್ರಿಂಗನ್ನು ಹತ್ತು ಸೆಂಟಿಮೀಟರ್ ಅದುಮಿದ್ದೇವೆ ಎಂದುಕೊಳ್ಳಿ. ಅದರೊಳಗಿನ ಶಕ್ತಿ, 50 ಕಿಲೋ ಸಿಮೆಂಟ್ ಮೂಟೆ ಒಂದು ಮೀಟರ್ ಮೇಲಿನಿಂದ ಬಿದ್ದಷ್ಟು. ಕಂಪ್ರೆಸರಿನಲ್ಲಿ ಬಿಗಿಯದೆ ಮೇಲಿನ ನಟ್ ಬಿಚ್ಚಿದರೆ ಆ ಮೂಟೆ ಯಾರ ಮುಖದ ಮೇಲಾದರೂ ಬಿದ್ದಂತೆಯೇ. ನಮ್ಮ ಮೆಕ್ಯಾನಿಕ್ ಎರಡೂ ಕಡೆ ಕೊಕ್ಕೆ ಸಿಕ್ಕಿಸಿ, ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿದು, ಸ್ಪ್ರಿಂಗ್ ಸಡಿಲವಾಗಿ ಅಲುಗಾಡಿದ ಮೇಲೆಯೇ ನಟ್ಟಿಗೆ ಸ್ಪ್ಯಾನರ್ ಹಾಕಿದರು.

ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಆಯಿತು. ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗಿ ಟೈರು ಒಂದೇ ಕಡೆ ಸವೆಯುತ್ತದೆ. ಹೆಡ್‌ಲೈಟನ್ನೂ ತಗ್ಗಿಸಿದರು; ಮೂತಿ ಎತ್ತಿದ ಗಾಡಿಯ ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತದೆ. “ಎರಡು ಇಂಚು ಎತ್ತಿಸಿದ್ರೆ ತಿರುವಿನಲ್ಲಿ ಹೇಗಿರ್ತಿತ್ತು?” ಎಂದು ಕೇಳಿದೆ. “ಬಿಂದಿಗೆ ಸೊಂಟದಲ್ಲಿ ಇಟ್ಕೊಂಡು ಓಡೋದಕ್ಕೂ ತಲೆ ಮೇಲೆ ಇಟ್ಕೊಂಡು ಓಡೋದಕ್ಕೂ ಎಷ್ಟು ವ್ಯತ್ಯಾಸ ಸಾರ್?” ಎಂದರು. ಗಾರ್ಡು ಗುಜರಿಗೆ ಹೋಯಿತು.

ಸಂಜೆ ಹಳ್ಳ ದಾಟುವಾಗ ಗಾಡಿ ಸದ್ದು ಮಾಡಲಿಲ್ಲ. ಮರುದಿನ ಅಮ್ಮ ಹಿಡಿ ಹಿಡಿದು ಹತ್ತಿ ಕೂತರು, ಮಗಳು ಊರುಗೋಲು ಕೊಟ್ಟಳು. ಹಳ್ಳದ ಹತ್ತಿರ ಬಂದಾಗ ಅಮ್ಮ ಕಿಟಕಿಯಿಂದ ಇಣುಕಿ ಹೇಳಿದರು: “ಈ ಕಲ್ಲನ್ನ ಹಾರೆ ಹಾಕಿ ಎಬ್ಬಿಸೋಕೆ ಆಗಲ್ವೇನೋ?”

ಭಾನುವಾರ ನಾನೂ ಮಗಳೂ ಹೋಗಿ ಎಬ್ಬಿಸಿದೆವು. ಅರ್ಧ ಗಂಟೆಯ ಕೆಲಸ.